ಸೇಫ್ಟಿಯಲ್ಲಿ ಮುಂದಿನ ಮೆಟ್ಟಿಲು: ಕೋರ್ಸ್ ಆರಿಸುವುದರಿಂದ ಹೊಸ ಕೆಲಸದ ಮೊದಲ ವಾರದವರೆಗೆ

ಸೇಫ್ಟಿ ಕೆಲಸಕ್ಕೆ ಬರುವವರಲ್ಲಿ ಬಹಳಷ್ಟು ಜನ ಬೇರೆ ಯಾವುದೋ ಕೆಲಸದಿಂದ ಬಂದಿರುತ್ತಾರೆ. ವೆಲ್ಡರ್, ಎಲೆಕ್ಟ್ರಿಷಿಯನ್, ನರ್ಸ್, ಸ್ಟೋರ್ ನೋಡಿಕೊಳ್ಳುವವರು, ಫೋರ್‌ಮನ್. ನಾನು ಬಂದದ್ದು ಮೆಂಟೆನೆನ್ಸ್‌ನಿಂದ. ಒಂದು ದಿನ ಮ್ಯಾನೇಜರ್ ಕರೆದು, "ನಾಳೆಯಿಂದ ಸೇಫ್ಟಿನೂ ನೀವೇ ನೋಡ್ಕೊಳ್ಳಿ" ಅಂದರು. ಒಂದು ಹೆಲ್ಮೆಟ್, ಒಂದು ರಿಜಿಸ್ಟರ್, ಎರಡು ದಿನದ ತರಬೇತಿ ಕೊಟ್ಟರು. ಆ ಎರಡು ದಿನದ ಬಂಡವಾಳದಲ್ಲೇ ನಾಲ್ಕು ವರ್ಷ ತಳ್ಳಿದೆ.

ಆಮೇಲೆ ಕಲಿಯಲೇಬೇಕು ಅನ್ನಿಸಿತು. ಹುಡುಕಲು ಕೂತರೆ ಕೋರ್ಸ್‌ಗಳ ಸಂತೆ. ಯಾವುದು ಮೊದಲು, ಯಾವುದು ಸುಮ್ನೆ ದುಡ್ಡು ಕೀಳುವುದು ಅಂತ ಹೇಳುವವರು ಯಾರೂ ಇರಲಿಲ್ಲ. ಈಗ ನೀವು ಅದೇ ಜಾಗದಲ್ಲಿ ನಿಂತಿದ್ದರೆ ಈ ಲೇಖನ ನಿಮಗೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕೋರ್ಸಿನ ಹೆಸರಿಗಿಂತ ಅದು ನಿಮ್ಮ ಕೈಯಲ್ಲಿ ಏನು ಮಾಡಿಸುತ್ತದೆ ಅನ್ನುವುದನ್ನು ನೋಡಿ. ಕೆಳಗಿನ ಹೆಜ್ಜೆಗಳೆಲ್ಲ ಈ ಮಾತಿನ ಸುತ್ತಲೇ ಇವೆ.

ಹೆಜ್ಜೆ 1: ಈಗ ಎಲ್ಲಿದ್ದೀರಿ, ನೋಡಿಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಒಂದು ತಿಂಗಳಲ್ಲಿ ಮಾಡಿದ ಸೇಫ್ಟಿ ಕೆಲಸವನ್ನೆಲ್ಲ ಬರೆಯಿರಿ. ತಪಾಸಣೆ, ಶಿಫ್ಟ್ ಶುರುವಾಗುವಾಗಿನ ಟೂಲ್‌ಬಾಕ್ಸ್ ಟಾಕ್, ಪರ್ಮಿಟ್‌ಗೆ (ಅಪಾಯದ ಕೆಲಸಕ್ಕೆ ಕೊಡುವ ಲಿಖಿತ ಅನುಮತಿಗೆ) ಹಾಕಿದ ಸಹಿ, ಬೆಂಕಿ ಆರಿಸುವ ಸಿಲಿಂಡರ್‌ಗಳ ಎಣಿಕೆ, ಏನೇ ಇರಲಿ. ಪ್ರತಿಯೊಂದರ ಪಕ್ಕದಲ್ಲಿ ಗುರುತು ಹಾಕಿ: ಯಾರೋ ಮಾಡಿಟ್ಟ ಚೆಕ್‌ಲಿಸ್ಟ್ ನೋಡಿ ಮಾಡಿದ್ದು ಯಾವುದು, ನೀವೇ ತಲೆ ಓಡಿಸಿ ಮಾಡಿದ್ದು ಯಾವುದು?

ಮೊದಲ ಹಂತದ ತರಬೇತಿ ಚೆಕ್‌ಲಿಸ್ಟ್ ತುಂಬುವುದನ್ನು ಕಲಿಸುತ್ತದೆ. ಮುಂದಿನ ಹಂತದಲ್ಲಿ ಚೆಕ್‌ಲಿಸ್ಟ್ ಬರೆಯುವುದನ್ನು ಕಲಿಯುತ್ತೀರಿ. ಅದರಲ್ಲಿ ಏನು ಬಿಟ್ಟುಹೋಗಿದೆ ಅಂತ ಹುಡುಕುವುದನ್ನು, ಬಿಟ್ಟುಹೋದದ್ದನ್ನು ಮ್ಯಾನೇಜ್‌ಮೆಂಟ್ ಮುಂದೆ ಇಟ್ಟು ಒಪ್ಪಿಸುವುದನ್ನು ಕಲಿಯುತ್ತೀರಿ. ಹಾಳೆಯ ತುಂಬ ಮೊದಲ ಥರದ ಕೆಲಸವೇ ಇದ್ದರೆ ಬೇಜಾರು ಬೇಡ. ಎಲ್ಲರೂ ಅಲ್ಲಿಂದಲೇ ಶುರು ಮಾಡುವುದು.

ಬೇರೆ ಬೇರೆ ದೇಶಗಳ ಸೇಫ್ಟಿ ವೃತ್ತಿ ಸಂಘಗಳು ಸೇರಿ ಕಟ್ಟಿದ ಇನ್ಶ್‌ಪೋ ಅನ್ನುವ ಒಕ್ಕೂಟ ಈ ವೃತ್ತಿಯನ್ನು ಎರಡು ದಾರಿಯಾಗಿ ನೋಡುತ್ತದೆ. ಒಂದು ಪ್ರಾಕ್ಟೀಷನರ್, ಇನ್ನೊಂದು ಪ್ರೊಫೆಷನಲ್. ಪ್ರಾಕ್ಟೀಷನರ್ ಆಗುವವರು ಸಾಮಾನ್ಯವಾಗಿ ವೃತ್ತಿ ತರಬೇತಿಯ ದಾರಿಯಲ್ಲಿ ಬರುತ್ತಾರೆ. ವ್ಯವಸ್ಥೆಯನ್ನು ನೆಲದ ಮೇಲೆ ನಡೆಸುವುದು ಅವರ ಕೆಲಸ. ಪ್ರೊಫೆಷನಲ್ ಆಗುವವರು ಹೆಚ್ಚಾಗಿ ವಿಶ್ವವಿದ್ಯಾಲಯದಿಂದ ಬರುತ್ತಾರೆ. ಇಡೀ ಸಂಸ್ಥೆಯ ವ್ಯವಸ್ಥೆಯನ್ನು ರೂಪಿಸುವುದು ಅವರ ಕೆಲಸ. ಒಂದರಿಂದ ಇನ್ನೊಂದಕ್ಕೆ ದಾಟಬಹುದು. ಆದರೆ ಎರಡಕ್ಕೂ ಒಂದೇ ಕೋರ್ಸ್ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ವಿಷಯ. ನೀವು ಯಾವ ಕಡೆ ಹೋಗಬೇಕು ಅಂತ ಈಗಲೇ ಸ್ವಲ್ಪ ಯೋಚಿಸಿ. ಕಟ್ಟಡ ಕೆಲಸ, ರಾಸಾಯನಿಕ ಘಟಕ, ಆಸ್ಪತ್ರೆ, ಗೋದಾಮು, ಗಣಿ, ಎಲ್ಲದರ ಅಪಾಯ ಬೇರೆ ಬೇರೆ. ಸೇಫ್ಟಿ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಬೀಳುವುದು, ಸಿಕ್ಕಿಹಾಕಿಕೊಳ್ಳುವುದು, ಬೆಂಕಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜು ನೋಡಿ. ಕೆಲಸದ ಕಾರಣಕ್ಕೆ ವರ್ಷಕ್ಕೆ ಸುಮಾರು 30 ಲಕ್ಷ ಜನ ಸಾಯುತ್ತಾರೆ. ಅದರಲ್ಲಿ ಅಪಘಾತದಿಂದ ಸಾಯುವವರು ಸುಮಾರು 3.3 ಲಕ್ಷ. ಉಳಿದ ಸುಮಾರು 26 ಲಕ್ಷ ಜನರನ್ನು ಕೊಲ್ಲುವುದು ಕಾಯಿಲೆ. ದೂಳು, ಹೊಗೆ, ರಾಸಾಯನಿಕ, ವಿಪರೀತ ಹೊತ್ತಿನ ದುಡಿತ. 'ಆರೋಗ್ಯ ಮತ್ತು ಸುರಕ್ಷತೆ' ಅನ್ನುವ ಹೆಸರಿನಲ್ಲಿ ಆರೋಗ್ಯ ಮೊದಲು ಬರುತ್ತದೆ, ಆದರೆ ಕೆಲಸದ ಜಾಗದಲ್ಲಿ ಅದನ್ನು ಕೇಳುವವರೇ ಕಡಿಮೆ. ಅಳತೆ, ಲೆಕ್ಕದಲ್ಲಿ ಆಸಕ್ತಿ ಇದ್ದರೆ ಆಕ್ಯುಪೇಷನಲ್ ಹೈಜೀನ್ ಕಡೆ, ಅಂದರೆ ದೂಳು, ಶಬ್ದ, ರಾಸಾಯನಿಕ ಅಳೆದು ಕಾಯಿಲೆ ತಡೆಯುವ ಕೆಲಸದ ಕಡೆ, ಒಮ್ಮೆ ಕಣ್ಣು ಹಾಯಿಸಿ.

ಹೆಜ್ಜೆ 2: ಹೆಸರುಗಳ ಕಾಡಿನಲ್ಲಿ ದಾರಿ ಹುಡುಕಿ

ಜನ ಜಾಸ್ತಿ ಎಡವುವುದು ಇಲ್ಲಿ. ಒಂದೇ ಥರ ಕೇಳಿಸುವ ಹೆಸರುಗಳ ಹಿಂದೆ ಬೇರೆ ಬೇರೆ ಸರಕು ಇರುತ್ತದೆ.

ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಓಶಾದ 10 ಗಂಟೆ, 30 ಗಂಟೆ ತರಬೇತಿಗಳನ್ನೇ ತೆಗೆದುಕೊಳ್ಳಿ. ಇವು ಕಾರ್ಮಿಕರಿಗೆ ಮತ್ತು ಸೂಪರ್‌ವೈಸರ್‌ಗಳಿಗೆ ಅರಿವು ಕೊಡಲು ಮಾಡಿದವು. ಮುಗಿಸಿದವರಿಗೆ ಒಂದು ಕಾರ್ಡ್ ಸಿಗುತ್ತದೆ. ಇದು ವೃತ್ತಿ ಪ್ರಮಾಣಪತ್ರ ಅಲ್ಲ ಅಂತ ಓಶಾನೇ ಹೇಳುತ್ತದೆ. ಆದರೂ ರೆಸ್ಯೂಮ್‌ಗಳಲ್ಲಿ 'ಓಶಾ ಸರ್ಟಿಫೈಡ್' ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಗೊತ್ತಿರುವವರು ಅದನ್ನು ನೋಡಿ ನಗುತ್ತಾರೆ.

ಬ್ರಿಟನ್ನಿನ ಐಯಾಶ್ ಸಂಸ್ಥೆಯ 'ಮ್ಯಾನೇಜಿಂಗ್ ಸೇಫ್ಲಿ' ಒಳ್ಳೆಯ ಕೋರ್ಸ್. ಆದರೆ ಅದು ಲೈನ್ ಮ್ಯಾನೇಜರ್‌ಗಳಿಗೆ. ಸೇಫ್ಟಿಯನ್ನೇ ವೃತ್ತಿ ಮಾಡಿಕೊಳ್ಳುವವರಿಗೆ ಸಾಲದು. ಹಾಗೆಯೇ ಐಎಸ್‌ಒ 45001 ಲೀಡ್ ಆಡಿಟರ್. ಐದು ದಿನದ ಕೋರ್ಸ್, ಗಟ್ಟಿ ಹೆಸರು. 2018ರಲ್ಲಿ ಬಂದ ಆ ಅಂತರರಾಷ್ಟ್ರೀಯ ಸೇಫ್ಟಿ ಮಾನದಂಡದ ಪ್ರಕಾರ ವ್ಯವಸ್ಥೆ ನಡೆಯುತ್ತಿದೆಯೇ ಅಂತ ಪರಿಶೀಲಿಸುವುದನ್ನು ಅದು ಕಲಿಸುತ್ತದೆ. ಸೇಫ್ಟಿ ಗೊತ್ತಿದ್ದವರಿಗೆ ಅದು ಇನ್ನೊಂದು ಆಯುಧ. ಗೊತ್ತಿಲ್ಲದವರಿಗೆ ಬರೀ ಕಾಗದ.

ಇನ್ನು ವೃತ್ತಿಗೆಂದೇ ಇರುವವು. ಬ್ರಿಟನ್ನಿನ ನೆಬಾಶ್ ಅನ್ನುವ ಪರೀಕ್ಷಾ ಮಂಡಳಿ 1979ರಿಂದ ಪರೀಕ್ಷೆ ನಡೆಸುತ್ತಿದೆ. ಅದರ ಇಂಟರ್‌ನ್ಯಾಷನಲ್ ಜನರಲ್ ಸರ್ಟಿಫಿಕೇಟ್ ಬುನಾದಿ, ಇಂಟರ್‌ನ್ಯಾಷನಲ್ ಡಿಪ್ಲೊಮಾ ಮೇಲಿನ ಮಹಡಿ. ಆಸ್ಟ್ರೇಲಿಯಾದ ವೃತ್ತಿ ತರಬೇತಿ ವ್ಯವಸ್ಥೆಯಲ್ಲಿ ಸರ್ಟಿಫಿಕೇಟ್ 4, ಡಿಪ್ಲೊಮಾ, ಅಡ್ವಾನ್ಸ್ಡ್ ಡಿಪ್ಲೊಮಾ ಅಂತ ಮೆಟ್ಟಿಲುಗಳಿವೆ. ಅಮೆರಿಕದ ಬಿಸಿಎಸ್‌ಪಿ ಅನ್ನುವ ಮಂಡಳಿ ಕೊಡುವ ಸಿಎಸ್‌ಪಿ ಪ್ರಮಾಣಪತ್ರ ಬಹಳ ಬೆಲೆಯುಳ್ಳದ್ದು, ಆದರೆ ಅದಕ್ಕೆ ಪದವಿ ಬೇಕು. ಪದವಿ ಇಲ್ಲದೆ ಅನುಭವದಿಂದ ಬಂದವರಿಗೆ ಅದೇ ಸಂಸ್ಥೆಯಲ್ಲಿ ಒಎಚ್‌ಎಸ್‌ಟಿ ಇದೆ, ಕಟ್ಟಡ ಕೆಲಸದವರಿಗೆ ಸಿಎಚ್‌ಎಸ್‌ಟಿ ಇದೆ. ಈ ಎರಡರ ಬಗ್ಗೆ ಯಾಕೋ ಹೆಚ್ಚು ಜನಕ್ಕೆ ಗೊತ್ತೇ ಇಲ್ಲ.

'ಡಿಪ್ಲೊಮಾ' ಅನ್ನುವ ಪದದ ಬಗ್ಗೆ ಹುಷಾರು. ನೆಬಾಶ್ ಇಂಟರ್‌ನ್ಯಾಷನಲ್ ಡಿಪ್ಲೊಮಾ ಇಂಗ್ಲೆಂಡಿನ ವಿದ್ಯಾರ್ಹತೆಗಳ ಶ್ರೇಣಿಯಲ್ಲಿ 6ನೇ ಹಂತ. ಅಲ್ಲಿ ಆನರ್ಸ್ ಪದವಿಯೂ 6ನೇ ಹಂತವೇ. ಆಸ್ಟ್ರೇಲಿಯಾದ ಡಿಪ್ಲೊಮಾ ಅವರ ಶ್ರೇಣಿಯಲ್ಲಿ 5ನೇ ಹಂತ. ಅಲ್ಲಿ ಪದವಿ 7ನೇ ಹಂತ. ಪದ ಒಂದೇ, ಆಳ ಬೇರೆ. ಇನ್ನು ಮೂರು ವಾರಾಂತ್ಯದಲ್ಲಿ 'ಅಡ್ವಾನ್ಸ್ಡ್ ಡಿಪ್ಲೊಮಾ' ಕೊಡುವವರೂ ಇದ್ದಾರೆ. ಯಾವುದೇ ಕೋರ್ಸ್ ಇರಲಿ, ಅದು ಯಾವ ದೇಶದ ಯಾವ ಶ್ರೇಣಿಯಲ್ಲಿ ಎಷ್ಟನೇ ಹಂತ ಅಂತ ಕೇಳಿ. ಉತ್ತರ ಸುತ್ತಿ ಬಳಸಿ ಬಂದರೆ ಅಲ್ಲಿಗೆ ಬಿಡಿ.

ಇದೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕಾನೂನು. ಎಷ್ಟೋ ದೇಶಗಳಲ್ಲಿ ಸೇಫ್ಟಿ ಆಫೀಸರ್ ಆಗಲು ಯಾವ ವಿದ್ಯಾರ್ಹತೆ ಇರಬೇಕು ಅಂತ ಕಾನೂನೇ ಹೇಳುತ್ತದೆ. ನೀವು ಕೆಲಸ ಮಾಡಬೇಕೆಂದಿರುವ ಜಾಗದ ನಿಯಮ ಓದಿ, ಆಮೇಲೆ ಕೋರ್ಸ್ ಹುಡುಕಿ. ಹೊರದೇಶದ ದೊಡ್ಡ ಸರ್ಟಿಫಿಕೇಟ್ ಇದ್ದೂ ಕಾನೂನಿನ ಲೆಕ್ಕಕ್ಕೆ ಬಾರದೆ ಪೆಚ್ಚಾದವರನ್ನು ನೋಡಿದ್ದೇನೆ.

ಹೆಜ್ಜೆ 3: ದುಡ್ಡು ಕಟ್ಟುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಮೊದಲ ಪ್ರಶ್ನೆ: ಪರೀಕ್ಷೆ ಹೇಗೆ ಮಾಡುತ್ತೀರಿ? ನಾಲ್ಕರಲ್ಲಿ ಒಂದು ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ ಮಾತ್ರ ಇದ್ದರೆ ಅದು ನಿಮ್ಮ ನೆನಪನ್ನು ಅಳೆಯುತ್ತದೆ, ಅಷ್ಟೇ. ನೆಬಾಶ್ ಜನರಲ್ ಸರ್ಟಿಫಿಕೇಟ್‌ನಲ್ಲಿ ಎರಡು ಭಾಗ ಇವೆ. ಒಂದು, ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ. ಇನ್ನೊಂದರಲ್ಲಿ ಒಂದು ನಿಜವಾದ ಕೆಲಸದ ಜಾಗಕ್ಕೆ ಹೋಗಿ ಅಪಾಯದ ಅಂದಾಜು ಮಾಡಿ ಬರೆಯಬೇಕು. ಎರಡನೆಯದೇ ನಿಮ್ಮನ್ನು ಬೆಳೆಸುವುದು. ಪುಸ್ತಕ ತೆರೆದಿಟ್ಟ ಪರೀಕ್ಷೆ ಸುಲಭ ಅಂದುಕೊಂಡು ಹೋದವರು ಕಷ್ಟಪಡುತ್ತಾರೆ. ಅಲ್ಲಿ ಒಂದು ಕಲ್ಪಿತ ಕಾರ್ಖಾನೆಯ ಕಥೆ ಕೊಟ್ಟು, ಆ ಕಥೆಗೆ ಹೊಂದುವ ಉತ್ತರ ಕೇಳುತ್ತಾರೆ. ಪುಸ್ತಕದಿಂದ ಎತ್ತಿ ಬರೆದರೆ ಅಂಕ ಬೀಳುವುದಿಲ್ಲ.

ಎರಡನೆಯದು: ಪಾಠ ಮಾಡುವವರು ಯಾರು? ಅವರು ಕೊನೆಯ ಬಾರಿ ಕೆಲಸದ ಜಾಗದಲ್ಲಿ ಇದ್ದದ್ದು ಯಾವಾಗ? ಇದನ್ನು ನೇರವಾಗಿ ಕೇಳಿ, ಸಂಕೋಚ ಬೇಡ.

ಮೂರನೆಯದು ಮಾನ್ಯತೆ. ನೆಬಾಶ್ ತಾನೇ ಪಾಠ ಮಾಡುವುದಿಲ್ಲ, ಮಾನ್ಯತೆ ಪಡೆದ ಸಂಸ್ಥೆಗಳು ಮಾಡುತ್ತವೆ. ಆ ಸಂಸ್ಥೆ ತೋರಿಸುವ ಲೋಗೋ ನೋಡಿ ಸುಮ್ಮನಾಗಬೇಡಿ. ಪರೀಕ್ಷಾ ಮಂಡಳಿಯ ಜಾಲತಾಣಕ್ಕೆ ಹೋಗಿ, ಮಾನ್ಯತೆ ಪಟ್ಟಿಯಲ್ಲಿ ಹೆಸರು ಇದೆಯೇ ಅಂತ ನೀವೇ ಹುಡುಕಿ. ಯಾವ ಮಂಡಳಿಯ ಕೋರ್ಸ್ ಆದರೂ ಇದೇ ಕ್ರಮ.

ನಾಲ್ಕನೆಯದು: ನನ್ನ ಹಳೆಯ ಅನುಭವಕ್ಕೆ ಬೆಲೆ ಇದೆಯೇ? ಆಸ್ಟ್ರೇಲಿಯಾದಂಥ ವ್ಯವಸ್ಥೆಗಳಲ್ಲಿ ನೀವು ಈಗಾಗಲೇ ಮಾಡಿರುವ ಕೆಲಸದ ಪುರಾವೆ ತೋರಿಸಿದರೆ ಕೆಲವು ಭಾಗಗಳನ್ನು ಮತ್ತೆ ಓದಬೇಕಾಗಿಲ್ಲ. ಇದಕ್ಕೆ ನೀವು ಬರೆದ ವರದಿ, ಪರ್ಮಿಟ್, ತರಬೇತಿಯ ಹಾಜರಿ, ಮೇಲಧಿಕಾರಿಯ ಪತ್ರ ಎಲ್ಲ ಬೇಕು. ಇವತ್ತಿನಿಂದಲೇ ಒಂದು ಫೈಲ್‌ನಲ್ಲಿ ಸೇರಿಸುತ್ತಾ ಹೋಗಿ. ಕಂಪನಿಯ ಕಾಗದ ಹೊರಗೆ ಒಯ್ಯುವಾಗ ಅನುಮತಿ ಪಡೆಯಿರಿ. ಗಾಯಗೊಂಡವರ ಹೆಸರು ಅಳಿಸಿ.

ಪಾಸಾಗುವುದು ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ಐದನೆಯ ಪ್ರಶ್ನೆ ಕೇಳುವ ಅಗತ್ಯವೇ ಇಲ್ಲ. ಎದ್ದು ಬನ್ನಿ.

ಹೆಜ್ಜೆ 4: ಪಾಠವನ್ನು ಕೆಲಸದ ಜಾಗದ ಮೇಲಿಟ್ಟು ಓದಿ

ಸೇರಿದ್ದಾಯಿತು. ಈಗ ಓದುವುದು ಹೇಗೆ? ಪುಸ್ತಕದ ಒಂದೊಂದು ಅಧ್ಯಾಯಕ್ಕೂ ನೀವು ದಿನಾ ನೋಡುವ ಒಂದು ಮೆಷಿನ್ನೋ, ಒಂದು ಕೆಲಸವೋ ಜೋಡಿಸಿಕೊಳ್ಳಿ. ಕೆಲವು ಉದಾಹರಣೆ ಕೊಡುತ್ತೇನೆ.

ಅಪಾಯ ತಡೆಯುವ ಕ್ರಮಗಳ ಏಣಿ ಎಲ್ಲ ಕೋರ್ಸ್‌ನಲ್ಲೂ ಬರುತ್ತದೆ. ಮೇಲಿನಿಂದ ಕೆಳಕ್ಕೆ ಐದು ಮೆಟ್ಟಿಲು: ಅಪಾಯವನ್ನೇ ತೆಗೆದುಹಾಕು, ಕಡಿಮೆ ಅಪಾಯದ್ದಕ್ಕೆ ಬದಲಿಸು, ಯಂತ್ರದ ಏರ್ಪಾಡು ಮಾಡು, ನಿಯಮ ಮತ್ತು ತರಬೇತಿ ಕೊಡು, ಕೊನೆಗೆ ಪಿಪಿಇ (ಮಾಸ್ಕ್, ಹೆಲ್ಮೆಟ್‌ನಂಥ ಮೈಮೇಲೆ ಹಾಕುವ ರಕ್ಷಣೆ). ಇದನ್ನು ಬಾಯಿಪಾಠ ಮಾಡುವುದು ಐದು ನಿಮಿಷದ ಕೆಲಸ. ಕಲ್ಲು ಕತ್ತರಿಸುವ ಕೆಲಸಕ್ಕೆ ಹಚ್ಚಿ ನೋಡಿ, ಆಗ ಗೊತ್ತಾಗುತ್ತದೆ. ಅಲ್ಲಿ ಏಳುವ ಸಿಲಿಕಾ ದೂಳು ಶ್ವಾಸಕೋಶವನ್ನು ಕಲ್ಲಾಗಿಸುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಎಲ್ಲರೂ ಮೊದಲು ಹೇಳುವುದು ಮಾಸ್ಕ್. ಮಾಸ್ಕ್ ಮುಖಕ್ಕೆ ಕೂರುತ್ತದೆಯೇ ಅಂತ ಪರೀಕ್ಷಿಸಿದ್ದೀರಾ? ಗಡ್ಡ ಇದ್ದರೆ ಪಕ್ಕದಿಂದ ಗಾಳಿ ಒಳಗೆ ಬರುತ್ತದೆ. ಅದಕ್ಕಿಂತ ಬ್ಲೇಡಿನ ಮೇಲೆ ನೀರು ಬಿಡುವುದು, ದೂಳನ್ನು ಹುಟ್ಟಿದ ಜಾಗದಲ್ಲೇ ಎಳೆದುಕೊಳ್ಳುವುದು ಮೇಲು. ಅದಕ್ಕಿಂತ ಸಿಲಿಕಾ ಕಡಿಮೆ ಇರುವ ಕಲ್ಲು ಮೇಲು. ಆಸ್ಟ್ರೇಲಿಯಾ ಇನ್ನೂ ಮೇಲಕ್ಕೆ ಹತ್ತಿತು. ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕಲ್ಲನ್ನೇ 2024ರ ಜುಲೈ 1ರಿಂದ ನಿಷೇಧಿಸಿತು. ಮೊದಲ ಮೆಟ್ಟಿಲು ಅಂದರೆ ಅದು.

ಶಬ್ದದ ಲೆಕ್ಕ ಇನ್ನೊಂದು. ಅಮೆರಿಕದ ಸಂಶೋಧನಾ ಸಂಸ್ಥೆ ನಿಯಾಶ್ ಹೇಳುವಂತೆ 85 ಡೆಸಿಬಲ್ ಶಬ್ದದಲ್ಲಿ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೆ ಇಳಿದು 100 ಡೆಸಿಬಲ್‌ಗೆ ಬರೀ 15 ನಿಮಿಷ. ಅದೇ ದೇಶದ ಓಶಾ ಕಾನೂನಿನಲ್ಲಿ 90 ಡೆಸಿಬಲ್‌ಗೆ 8 ಗಂಟೆ, 5 ಡೆಸಿಬಲ್‌ಗೆ ಒಮ್ಮೆ ಅರ್ಧ. ಅದರ ಪ್ರಕಾರ 100 ಡೆಸಿಬಲ್‌ನಲ್ಲಿ 2 ಗಂಟೆ ಇರಬಹುದು! ಕಿವಿ ಒಂದೇ, ಮೆಷಿನ್ ಒಂದೇ. ಒಂದು ಲೆಕ್ಕ 15 ನಿಮಿಷ ಅನ್ನುತ್ತದೆ, ಇನ್ನೊಂದು 2 ಗಂಟೆ. ಕಾನೂನಿಗೆ ಸರಿಯಾಗಿ ಇರುವುದಕ್ಕೂ ಜನರನ್ನು ಕಾಪಾಡುವುದಕ್ಕೂ ನಡುವಿನ ಅಂತರ ನನಗೆ ತಿಳಿದದ್ದು ಈ ಲೆಕ್ಕ ಮಾಡಿದ ದಿನ.

ಎತ್ತರದ ಕೆಲಸದಲ್ಲಿ ಹಾರ್ನೆಸ್ ಹಾಕಿದ್ದಾರೆ, ಹಗ್ಗ ಕಟ್ಟಿದ್ದಾರೆ, ಸಾಕು ಅಂತ ಮುಂದೆ ಹೋಗುತ್ತೇವೆ. ಲೆಕ್ಕ ಹಾಕಿ. ಹಗ್ಗದ ಉದ್ದ 1.8 ಮೀಟರ್. ಬಿದ್ದಾಗ ಆಘಾತ ತಡೆಯುವ ಭಾಗ ಬಿಚ್ಚಿಕೊಂಡು 1.1 ಮೀಟರ್ ಉದ್ದವಾಗಬಹುದು. ಮನುಷ್ಯನ ಎತ್ತರಕ್ಕೆ 1.8 ಮೀಟರ್. ಕೆಳಗೆ ಮಿಕ್ಕಿರಬೇಕಾದ ಜಾಗ 0.9 ಮೀಟರ್. ಒಟ್ಟು 5.6 ಮೀಟರ್. ಹಗ್ಗ ಕಟ್ಟಿದ ಜಾಗ ನೆಲದಿಂದ 4 ಮೀಟರ್ ಎತ್ತರದಲ್ಲಿದ್ದರೆ ಹಾರ್ನೆಸ್ ಹಾಕಿದ್ದೂ ಆ ಮನುಷ್ಯ ನೆಲಕ್ಕೆ ಬಡಿಯಬಹುದು. ತಪಾಸಣೆಯ ಹಾಳೆಯಲ್ಲಿ ಮಾತ್ರ 'ಹಾರ್ನೆಸ್ ಇದೆ' ಅಂತ ಟಿಕ್ ಇರುತ್ತದೆ.

ಇಕ್ಕಟ್ಟಾದ ಟ್ಯಾಂಕು, ಗುಂಡಿ, ಕೊಳವೆಗಳ ಒಳಗಿನ ಕೆಲಸದ ಪಾಠವನ್ನು ಎರಡು ಸಲ ಓದಿ. ಅಲ್ಲಿ ಸಾಯುವವರಲ್ಲಿ ಶೇ. 60ಕ್ಕಿಂತ ಹೆಚ್ಚು ಜನ ಇನ್ನೊಬ್ಬರನ್ನು ಕಾಪಾಡಲು ಇಳಿದವರು ಅಂತ ನಿಯಾಶ್ 1986ರಲ್ಲೇ ಎಚ್ಚರಿಸಿತ್ತು. ಒಳಗಿನ ಗಾಳಿ ಅಳೆಯಲು ಒಂದು ಕ್ರಮ ಇದೆ. ಮೊದಲು ಆಮ್ಲಜನಕ, ಆಮೇಲೆ ಹೊತ್ತಿಕೊಳ್ಳುವ ಅನಿಲ, ಆಮೇಲೆ ವಿಷಾನಿಲ. ಆಮ್ಲಜನಕ ಯಾಕೆ ಮೊದಲು ಗೊತ್ತೇ? ಹೊತ್ತಿಕೊಳ್ಳುವ ಅನಿಲ ಅಳೆಯುವ ಎಷ್ಟೋ ಉಪಕರಣಗಳು ಆಮ್ಲಜನಕ ಕಡಿಮೆ ಇದ್ದರೆ ತಪ್ಪು ಅಂಕಿ ತೋರಿಸುತ್ತವೆ. ಸಾಮಾನ್ಯ ಗಾಳಿಯಲ್ಲಿ ಶೇ. 20.9ರಷ್ಟು ಆಮ್ಲಜನಕ ಇರುತ್ತದೆ. 19.5ಕ್ಕಿಂತ ಕೆಳಗಿಳಿದರೆ ಯಾರೂ ಹಾಗೇ ಇಳಿಯುವಂತಿಲ್ಲ. ಬಾಯಿಯ ಹತ್ತಿರ ಒಮ್ಮೆ ಅಳೆದರೆ ಸಾಲದು. ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು. ಮೀಥೇನ್ ಹಗುರ, ಮೇಲೆ ನಿಲ್ಲುತ್ತದೆ. ಹೈಡ್ರೋಜನ್ ಸಲ್ಫೈಡ್ ಭಾರ, ತಳ ಸೇರುತ್ತದೆ. ಅದು ಜಾಸ್ತಿಯಾದಾಗ ಮೂಗಿನ ವಾಸನೆ ಶಕ್ತಿಯನ್ನೇ ಕೊಲ್ಲುತ್ತದೆ. 'ವಾಸನೆ ಹೋಯಿತು' ಅಂತ ಜನ ಒಳಗೆ ಇಳಿಯುವುದು ಆಗಲೇ.

ಅಂಕಿಅಂಶದ ಪಾಠ ಬೇಸರ ಅನ್ನಿಸುತ್ತದೆ. ಆದರೂ ಹಾರಿಸಬೇಡಿ. ಗಾಯದ ದರವನ್ನು ಕೆಲವರು 10 ಲಕ್ಷ ಕೆಲಸದ ಗಂಟೆಗೆ ಲೆಕ್ಕ ಹಾಕುತ್ತಾರೆ. ಓಶಾ ಕ್ರಮದಲ್ಲಿ 2 ಲಕ್ಷ ಗಂಟೆಗೆ. 4 ಲಕ್ಷ ಗಂಟೆ ದುಡಿದ ಜಾಗದಲ್ಲಿ 3 ಗಾಯ ಆಗಿದ್ದರೆ ಮೊದಲ ಕ್ರಮದಲ್ಲಿ ದರ 7.5, ಎರಡನೆಯದರಲ್ಲಿ 1.5. ನಾನೊಮ್ಮೆ ಮೀಟಿಂಗ್‌ನಲ್ಲಿ ನಮ್ಮ 1.5 ಮತ್ತು ಒಬ್ಬ ಗುತ್ತಿಗೆದಾರರ 6 ಪಕ್ಕಪಕ್ಕ ಇಟ್ಟು, ಅವರು ನಮಗಿಂತ ನಾಲ್ಕು ಪಟ್ಟು ಕೆಟ್ಟವರು ಅಂತ ಭಾಷಣ ಬಿಗಿದೆ. ಅವರದು 10 ಲಕ್ಷ ಗಂಟೆಯ ಲೆಕ್ಕವಾಗಿತ್ತು. ನಮ್ಮ ಕ್ರಮಕ್ಕೆ ತಂದರೆ ಅವರದು 1.2. ನಮಗಿಂತ ಅವರೇ ಚೆನ್ನಾಗಿದ್ದರು. ಗುತ್ತಿಗೆದಾರರು ಮೀಟಿಂಗ್ ಮುಗಿದ ಮೇಲೆ ಮೆಲ್ಲಗೆ ಬಂದು ಹೇಳಿದರು. ಎಲ್ಲರ ಮುಂದೆ ಹೇಳಲಿಲ್ಲ, ಅದು ಅವರ ದೊಡ್ಡತನ.

ಹೆಜ್ಜೆ 5: ಹಳೆಯ ದುರಂತಗಳ ವರದಿ ಓದಿ

ಕೋರ್ಸ್ ಟಿಪ್ಪಣಿಯಲ್ಲಿ ದುರಂತಗಳಿಗೆ ನಾಲ್ಕು ಸಾಲು ಕೊಟ್ಟಿರುತ್ತಾರೆ. ಅಷ್ಟಕ್ಕೆ ನಿಲ್ಲಬೇಡಿ. ಒಂದೇ ಒಂದು ದುರಂತದ ವಿಚಾರಣಾ ವರದಿಯನ್ನು ಪೂರ್ತಿ ಓದಿ. ನಾನು ಹೇಳುವುದು ಪೈಪರ್ ಆಲ್ಫಾ.

1988ರ ಜುಲೈ 6, ಉತ್ತರ ಸಮುದ್ರದ ತೈಲ ವೇದಿಕೆ. ಒಂದು ಪಂಪಿನ ಒತ್ತಡ ತಡೆಯುವ ವಾಲ್ವ್ ಅನ್ನು ರಿಪೇರಿಗೆ ಬಿಚ್ಚಿದ್ದರು. ಆ ಜಾಗವನ್ನು ಒಂದು ಲೋಹದ ಮುಚ್ಚಳದಿಂದ ತಾತ್ಕಾಲಿಕವಾಗಿ ಮುಚ್ಚಿದ್ದರು. ಪಂಪಿನ ರಿಪೇರಿಗೆ ಒಂದು ಪರ್ಮಿಟ್, ವಾಲ್ವ್ ಕೆಲಸಕ್ಕೆ ಬೇರೆ ಪರ್ಮಿಟ್ ಇತ್ತು. ಶಿಫ್ಟ್ ಬದಲಾಯಿತು. ರಾತ್ರಿಯವರಿಗೆ ವಾಲ್ವ್ ಇಲ್ಲದ ಸಂಗತಿ ತಲುಪಲಿಲ್ಲ. ಇನ್ನೊಂದು ಪಂಪು ನಿಂತುಹೋದಾಗ ಇದನ್ನು ಚಾಲೂ ಮಾಡಿದರು. ಅನಿಲ ಸೋರಿತು, ಸ್ಫೋಟವಾಯಿತು. ನೀರಿನಲ್ಲಿ ಮುಳುಗುಗಾರರು ಕೆಲಸ ಮಾಡುತ್ತಿದ್ದರು ಅಂತ ಬೆಂಕಿ ಆರಿಸುವ ಪಂಪುಗಳನ್ನು ತಾವಾಗಿ ಚಾಲೂ ಆಗದ ಹಾಗೆ ಇಟ್ಟಿದ್ದರು. 167 ಜನ ಸತ್ತರು. ಲಾರ್ಡ್ ಕಲೆನ್ ಅವರ ವಿಚಾರಣಾ ವರದಿ 1990ರಲ್ಲಿ ಬಂತು. ಅದರಲ್ಲಿ 106 ಶಿಫಾರಸುಗಳಿದ್ದವು.

ಪರ್ಮಿಟ್ ಪದ್ಧತಿ ಇತ್ತು, ಸಹಿಗಳೂ ಇದ್ದವು. ಒಂದೇ ಪಂಪಿಗೆ ಸೇರಿದ ಎರಡು ಪರ್ಮಿಟ್‌ಗಳನ್ನು ಒಟ್ಟಿಗೆ ಇಡುವ ಏರ್ಪಾಡು ಇರಲಿಲ್ಲ. ಇದನ್ನು ಓದಿದ ಮೇಲೆ ನಿಮ್ಮ ಜಾಗದಲ್ಲಿ ಶಿಫ್ಟ್ ಬದಲಾಗುವ ಹೊತ್ತಿಗೆ ಹೋಗಿ ನಿಲ್ಲಿ. ಯಾರು ಯಾರಿಗೆ ಏನು ಹೇಳುತ್ತಾರೆ, ಎಷ್ಟು ನಿಮಿಷ ಮಾತಾಡುತ್ತಾರೆ ಬರೆದುಕೊಳ್ಳಿ. ಯಾವ ಅಸೈನ್‌ಮೆಂಟೂ ಅಷ್ಟು ಕಲಿಸದು.

ಅಮೆರಿಕದ ಟೆಕ್ಸಾಸ್ ಸಿಟಿ ತೈಲ ರಿಫೈನರಿಯ ಸ್ಫೋಟದ ವರದಿಯನ್ನೂ ಓದಿ. 2005ರ ಮಾರ್ಚ್ 23ರಂದು 15 ಜನ ಸತ್ತರು, ಸುಮಾರು 180 ಜನ ಗಾಯಗೊಂಡರು. ಸಣ್ಣಪುಟ್ಟ ಗಾಯದ ದರ ಚೆನ್ನಾಗಿದೆ ಅಂತ ಆ ಕಂಪನಿ ನೆಮ್ಮದಿಯಾಗಿತ್ತು. ಜಾರಿ ಬೀಳುವುದನ್ನು ಎಣಿಸುತ್ತಾ ಕೂತರೆ ಸ್ಫೋಟ ಎಲ್ಲಿಂದ ಬರುತ್ತದೆ ಅಂತ ತಿಳಿಯುವುದಿಲ್ಲ. ಇದನ್ನು ಹೇಳಲು ಕಾರಣ ಇದೆ. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹೈನ್‌ರಿಚ್ 1931ರಲ್ಲಿ ಕೊಟ್ಟ ತ್ರಿಕೋನ ಈಗಲೂ ಪಾಠದಲ್ಲಿ ಬರುತ್ತದೆ. 300 ಗಾಯವಿಲ್ಲದ ಘಟನೆ, 29 ಸಣ್ಣ ಗಾಯ, 1 ದೊಡ್ಡ ಗಾಯ. ಪರೀಕ್ಷೆಗೆ ಓದಿ. ಆದರೆ ಕೆಳಗಿನದನ್ನು ಕಡಿಮೆ ಮಾಡಿದರೆ ಮೇಲಿನದು ತಾನಾಗಿ ಇಳಿಯುತ್ತದೆ ಅಂತ ನಂಬಿ ಕೂರಬೇಡಿ.

ಹೆಜ್ಜೆ 6: ಬರೆಯುವುದನ್ನು ಕಲಿಯಿರಿ

ನನ್ನ ಮೊದಲ ಅಪಾಯದ ಅಂದಾಜು ವಾಪಸ್ ಬಂದಾಗ ಕೆಂಪು ಶಾಯಿಯಲ್ಲಿ ಒಂದೇ ಸಾಲು ಇತ್ತು: "'ಎಚ್ಚರಿಕೆ ವಹಿಸಬೇಕು' ಅಂತ ಹನ್ನೊಂದು ಕಡೆ ಬರೆದಿದ್ದೀರಿ. ಯಾರು? ಯಾವಾಗ? ಹೇಗೆ?" ಮುಖಕ್ಕೆ ಹೊಡೆದ ಹಾಗಾಯಿತು.

ಆವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಪ್ರತಿ ಶಿಫಾರಸಿನಲ್ಲೂ ಮಾಡುವವರು ಯಾರು, ಯಾವ ದಿನದೊಳಗೆ, ಆಯಿತು ಅಂತ ತಿಳಿಯುವುದು ಹೇಗೆ, ಈ ಮೂರೂ ಇರಬೇಕು. 'ಕಾರ್ಮಿಕರಿಗೆ ತಿಳಿವಳಿಕೆ ನೀಡಬೇಕು' ಅನ್ನುವ ಸಾಲು ಕಂಡರೆ ಹೊಡೆದುಹಾಕಿ, ಮತ್ತೆ ಯೋಚಿಸಿ. ತನಿಖೆಯ ವರದಿಯಲ್ಲಿ 'ಕಾರ್ಮಿಕನ ಅಜಾಗರೂಕತೆ' ಅಂತ ಕಾರಣ ಬರೆದು ಮುಗಿಸಿದ್ದರೆ ನಿಮ್ಮ ತನಿಖೆ ಇನ್ನೂ ಶುರುವೇ ಆಗಿಲ್ಲ ಅಂತ ತಿಳಿಯಿರಿ. ಅವನು ಹಾಗೆ ಮಾಡಲು ಏನು ಕಾರಣ? ಮೆಷಿನ್ ಹೇಗಿತ್ತು, ಎಷ್ಟು ಹೊತ್ತಿನಿಂದ ದುಡಿಯುತ್ತಿದ್ದ, ಎಷ್ಟು ತುಂಡು ಮುಗಿಸಬೇಕು ಅಂತ ಯಾರು ಹೇಳಿದ್ದರು?

ಮ್ಯಾನೇಜ್‌ಮೆಂಟ್‌ಗೆ ಬರೆಯುವಾಗ ಒಂದೇ ಪುಟ. ಮೊದಲ ಸಾಲಿನಲ್ಲೇ ಏನು ಬೇಕು ಅಂತ ಹೇಳಿ. ಕಾರ್ಮಿಕರಿಗೆ ಹೇಳುವಾಗ ಅವರ ಮಾತಿನಲ್ಲೇ ಹೇಳಿ.

ಹೆಜ್ಜೆ 7: ಕೆಲಸ ಹುಡುಕುವಾಗ

ರೆಸ್ಯೂಮ್‌ನಲ್ಲಿ ಸರ್ಟಿಫಿಕೇಟ್‌ಗಳ ಪಟ್ಟಿಯ ಮೇಲೆ ನೀವು ಬದಲಾಯಿಸಿದ ಮೂರು ಸಂಗತಿ ಬರೆಯಿರಿ. 'ಗ್ರೈಂಡಿಂಗ್ ವಿಭಾಗದಲ್ಲಿ ದೂಳು ಎಳೆಯುವ ವ್ಯವಸ್ಥೆ ಹಾಕಿಸಿದೆ' ಅನ್ನುವ ಒಂದು ಸಾಲು ಐದು ಲೋಗೋಗಳಿಗಿಂತ ಗಟ್ಟಿ.

ಸಂದರ್ಶನದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಅರ್ಜೆಂಟ್ ಆರ್ಡರ್ ಇದೆ, ಮೆಷಿನ್ನಿನ ಅಪಾಯದ ಭಾಗ ಮುಚ್ಚುವ ಗಾರ್ಡ್ ಮುರಿದಿದೆ, ಪ್ರೊಡಕ್ಷನ್ ಮ್ಯಾನೇಜರ್ ಓಡಿಸಿ ಅನ್ನುತ್ತಾರೆ, ನೀವು ಏನು ಮಾಡುತ್ತೀರಿ? 'ನಿಲ್ಲಿಸುತ್ತೇನೆ' ಅನ್ನುವುದು ಅರ್ಧ ಉತ್ತರ. ನಿಲ್ಲಿಸಿ, ಆರ್ಡರ್ ಹೊರಗೆ ಹೋಗಲು ಬೇರೆ ಏನು ದಾರಿ ಇದೆ ಅಂತ ಅವರ ಜೊತೆ ಕೂತು ಹುಡುಕುತ್ತೇನೆ ಅನ್ನುವುದು ಇನ್ನರ್ಧ.

ನೀವೂ ಕೇಳಿ. ಸೇಫ್ಟಿಯವರು ಯಾರಿಗೆ ವರದಿ ಕೊಡಬೇಕು? ಕೆಲಸ ನಿಲ್ಲಿಸುವ ಅಧಿಕಾರ ಇದೆಯೇ? ಹಿಂದಿನವರು ಯಾಕೆ ಬಿಟ್ಟರು? ಮೂರನೆಯ ಪ್ರಶ್ನೆಗೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಅರ್ಥ ಮಾಡಿಕೊಳ್ಳಿ.

ಓದು ಇಲ್ಲಿಗೆ ಮುಗಿಯುವುದಿಲ್ಲ. ಐಯಾಶ್ ಸದಸ್ಯತ್ವ ಇರಲಿ, ಬಿಸಿಎಸ್‌ಪಿ ಸರ್ಟಿಫಿಕೇಟ್ ಇರಲಿ, ಉಳಿಸಿಕೊಳ್ಳಲು ಕಲಿಯುತ್ತಿರುವ ಪುರಾವೆ ಕೊಡುತ್ತಿರಬೇಕು. ಹೋದ ತರಬೇತಿ, ಓದಿದ ವರದಿ ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡಿ. ಕೊನೆಯ ವಾರ ಕೂತು ನೆನಪಿಸಿಕೊಳ್ಳುವುದು ನರಕ.

ಹೆಜ್ಜೆ 8: ಮೊದಲ ವಾರ

ಹೊಸ ಕೆಲಸಕ್ಕೆ ಸೇರಿದ ಕೂಡಲೇ ಬೋರ್ಡು, ಫಾರ್ಮು, ನಿಯಮ ಎಲ್ಲ ಬದಲಾಯಿಸುವ ಆಸೆ ಬರುತ್ತದೆ. ಯಾರ ಜೀವಕ್ಕಾದರೂ ಕುತ್ತು ಕಂಡರೆ ಆ ಕ್ಷಣವೇ ನಿಲ್ಲಿಸಿ. ಉಳಿದದ್ದಕ್ಕೆಲ್ಲ ಒಂದು ವಾರ ಕೈ ಹಾಕಬೇಡಿ. ಓಡಾಡಿ. ರಾತ್ರಿ ಶಿಫ್ಟ್‌ಗೂ ಹೋಗಿ, ಅಲ್ಲಿ ಸೇಫ್ಟಿಯವರ ಮುಖ ಕಂಡವರು ಕಡಿಮೆ. 'ಈ ಕೆಲಸ ಹೇಗೆ ಮಾಡಬೇಕು' ಅಂತ ಕೇಳಿದರೆ ಪುಸ್ತಕದ ಉತ್ತರ ಬರುತ್ತದೆ. 'ಇದರಲ್ಲಿ ನಿಮಗೆ ಜಾಸ್ತಿ ಕಿರಿಕಿರಿ ಮಾಡುವುದು ಯಾವುದು' ಅಂತ ಕೇಳಿ.

ಕೋರ್ಸ್ ಮುಗಿಸಿ ಹೊಸ ಜಾಗಕ್ಕೆ ಹೋದಾಗ ನಾನು ಹಾಗೆ ಕೇಳಿದೆ. ಒಬ್ಬರು ಏನೂ ಮಾತಾಡದೆ ಮೆಷಿನ್ ಪಕ್ಕದಿಂದ ಒಂದು ಮರದ ತುಂಡು ಎತ್ತಿ ತೋರಿಸಿದರು. ಗಾರ್ಡ್ ತೆರೆದಿದ್ದರೂ ಮೆಷಿನ್ ಓಡುವಂತೆ ಅದರ ಸ್ವಿಚ್ಚಿಗೆ ಸಿಕ್ಕಿಸುವ ತುಂಡು ಅದು. ಎಷ್ಟು ಹಳೆಯದೆಂದರೆ ಕೈ ತಾಗಿ ತಾಗಿ ಅಂಚು ನುಣುಪಾಗಿತ್ತು. ಆ ಮೆಷಿನ್ನಿನ ತಪಾಸಣೆ ಹಾಳೆಗಳನ್ನು ನಾನು ಆಗಲೇ ನೋಡಿದ್ದೆ. ಎಲ್ಲದರಲ್ಲೂ ಗಾರ್ಡ್‌ಗೆ ಟಿಕ್ ಇತ್ತು. ಮೆಷಿನ್ ನಿಲ್ಲಿಸಲು ಹೇಳಿ, ಈ ತುಂಡು ಯಾಕೆ ಬೇಕಾಯಿತು ಅಂತ ಕೇಳಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಮಾಲು ಸಿಕ್ಕಿಕೊಳ್ಳುತ್ತಿತ್ತು, ಪ್ರತಿ ಸಲ ಗಾರ್ಡ್ ತೆಗೆದು ಹಾಕಿದರೆ ಲೆಕ್ಕದ ತುಂಡು ಮುಗಿಯುತ್ತಿರಲಿಲ್ಲ. ಮೆಂಟೆನೆನ್ಸ್‌ಗೆ ಅವತ್ತು ನಾನು ಕಳಿಸಿದ ಚೀಟಿಯಲ್ಲಿ ಮೊದಲ ಸಾಲು ಮಾಲು ಸಿಕ್ಕಿಕೊಳ್ಳುವ ರೋಲರ್ ಬಗ್ಗೆ, ಎರಡನೆಯದು ಗಾರ್ಡ್ ಸ್ವಿಚ್ಚಿನ ಬಗ್ಗೆ.